ಫಸಲು ಗುತ್ತಿಗೆಯೋ, ತೋಟದ ಕ್ರಯವೋ?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಿಂದಿನ ಜಾತ್ರೆಗೆ ಅಂತ ಒಂದು ಹಾಡು ಬರೆದು, ರಾಗ ಹಾಕಿ, ಮನೆಯ ಅಟ್ಟದ ಮೇಲೆ ರೆಕಾರ್ಡ್ ಮಾಡಿದ್ದೆ. ಅದರ ತುಣುಕೊಂದನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ ಮೂರನೇ ದಿನ ಫೋನ್ ಬಂತು. ಆಡಿಯೊ ಕಂಪನಿಯವರಂತೆ. "ಸರ್, ಹಾಡು ನಾವೇ ಬಿಡುಗಡೆ ಮಾಡ್ತೀವಿ. ಒಂದು ಲಕ್ಷ ವ್ಯೂಸ್ ಗ್ಯಾರಂಟಿ. ಪ್ರಮೋಷನ್‌ಗೆ 18,000 ಅಷ್ಟೇ. ನಾಳೆಯೊಳಗೆ ಸಹಿ ಮಾಡಿ ಕಳಿಸಿ, ಜಾತ್ರೆ ಮುಗಿದ ಮೇಲೆ ಯಾರು ಕೇಳ್ತಾರೆ?"

ಹತ್ತು ವರ್ಷ ಹಾಡಿದ ಮೇಲೆ ಬಂದ ಮೊದಲ ಕರೆ ಅದು. ಖುಷಿಯಲ್ಲಿ 5,000 ರೂಪಾಯಿ ಮುಂಗಡ ಕಳಿಸಿಬಿಟ್ಟೆ. ಆ ದುಡ್ಡು ವಾಪಸ್ ಬರಲೇ ಇಲ್ಲ. ಹಾಡು ಉಳಿಯಿತು. ಉಳಿಸಿದ್ದು ಅಪ್ಪ.

ನಾಲ್ಕು ಪುಟದ ಇಂಗ್ಲಿಷ್ ಕರಾರು ಹಿಡಿದು ಜಗಲಿಯಲ್ಲಿ ಕೂತಿದ್ದೆ. ಅಪ್ಪ ಕೇಳಿದ, "ತಮಾ, ಇದು ಫಸಲು ಗುತ್ತಿಗೆಯೋ, ತೋಟದ ಕ್ರಯವೋ?"

ಫಸಲು ಗುತ್ತಿಗೆ ಅಂದರೆ ಈ ವರ್ಷದ ಅಡಿಕೆ ಗೊನೆ ಕೊಂಡವನದು, ತೋಟ ನಮ್ಮದೇ. ಕ್ರಯ ಆಯಿತು ಅಂದರೆ ಮರವೂ ಇಲ್ಲ, ಮಣ್ಣೂ ಇಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ.

ಭಾವ ಶಿರಸಿ ಕೋರ್ಟಿನಲ್ಲಿ ವಕೀಲ. ಅವನ ಜೊತೆ ಕೂತು ಸಾಲು ಸಾಲಾಗಿ ಓದಿದೆ. 'ಲೈಸೆನ್ಸ್', ಅಂದರೆ ಬಳಸಲು ಅನುಮತಿ, ಅನ್ನೋ ಪದ ಎಲ್ಲೂ ಇರಲಿಲ್ಲ; 'ಅಸೈನ್', ಅಂದರೆ ಹಕ್ಕನ್ನೇ ಬರೆದುಕೊಡುವುದು, ಅಂತಿತ್ತು. ಅವಧಿ ಶಾಶ್ವತ. ವ್ಯಾಪ್ತಿ ಇಡೀ ಬ್ರಹ್ಮಾಂಡ. ಸಾಹಿತ್ಯ, ರಾಗ, ರೆಕಾರ್ಡಿಂಗ್, ಜೊತೆಗೆ ಮುಂದೆ ನಾನು ಮಾಡುವ ಐದು ಹಾಡು. ಶುದ್ಧ ಕ್ರಯಪತ್ರ. ದುಡ್ಡು ಕೊಡಬೇಕಾದವನೂ ನಾನೇ.

1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಬಗ್ಗೆ ಅವತ್ತೇ ಮೊದಲು ಕೇಳಿದ್ದು. ಹಕ್ಕನ್ನು ಬರೆದುಕೊಡುವುದಾದರೆ ಬರಹದಲ್ಲಿ, ಸಹಿ ಹಾಕಿಯೇ ಕೊಡಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದೇ ವರ್ಷ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. 'ಶಾಶ್ವತ' ಅಂತ ಬರೆದದ್ದಕ್ಕೆ ನಾವೇ ಸಹಿ ಹಾಕಿದರೆ ಈ ಆಸರೆ ಸಿಗುವುದಿಲ್ಲ. ಆದರೆ 2012ರ ತಿದ್ದುಪಡಿ ಇನ್ನೊಂದು ಬೇಲಿ ಹಾಕಿದೆ. ಸಾಹಿತ್ಯ ಬರೆದವರು, ರಾಗ ಹಾಕಿದವರು ರಾಯಲ್ಟಿಯ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ದುಡ್ಡಿನ, ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುವ ಹಾಗೇ ಇಲ್ಲ. ಬರೆಸಿಕೊಂಡರೂ ಅದು ಊರ್ಜಿತವಲ್ಲ. ಮೂರನೇ ಪುಟದಲ್ಲಿ ನನ್ನಿಂದ ಬರೆಸಿಕೊಳ್ಳಲು ಹೊರಟಿದ್ದು ಅದನ್ನೇ!

ವಾಟ್ಸ್‌ಆ್ಯಪಿನಲ್ಲೇ ಕೇಳಿದೆ: ಮೂರು ವರ್ಷದ ಲೈಸೆನ್ಸ್ ಸಾಕಲ್ವಾ? ನಿಮ್ಮಲ್ಲಿ ಹಾಡಿದ ಇಬ್ಬರು ಕಲಾವಿದರ ಜೊತೆ ಮಾತಾಡಿಸ್ತೀರಾ? "ದೊಡ್ಡ ದೊಡ್ಡವರೇ ಸುಮ್ನೆ ಸಹಿ ಹಾಕಿದ್ದಾರೆ" ಅನ್ನೋ ಉತ್ತರ ಬಂತು. ಆಮೇಲೆ ಫೋನೂ ಇಲ್ಲ, ಮುಂಗಡವೂ ಇಲ್ಲ.

ಲಕ್ಷ ವ್ಯೂಸ್ ಮಾತನ್ನಂತೂ ನಂಬಲೇಬೇಡಿ. ಗ್ಯಾರಂಟಿ ಕೊಡುವವರು ಸಾಮಾನ್ಯವಾಗಿ ಯಂತ್ರದಿಂದ ಹಾಡು ಓಡಿಸುತ್ತಾರೆ. ಸ್ಪಾಟಿಫೈ 2024ರಿಂದ ಇಂಥ ಸುಳ್ಳು ಕೇಳುಗರು ಜಾಸ್ತಿ ಕಂಡ ಹಾಡಿಗೆ ದಂಡ ಹಾಕುತ್ತಿದೆ. ದಂಡ ನಮ್ಮ ಹಾಡನ್ನು ಇಂಥ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರಿಗೆ, ಅವರಿಂದ ಅದು ನಮ್ಮ ತಲೆಗೇ ಬರಬಹುದು. ಹಾಡನ್ನು ತೆಗೆದುಹಾಕಲೂಬಹುದು.

ಕಾರವಾರದ ತಬಲಾ ಗೆಳೆಯನಿಗೆ ಆಗಿದ್ದು ಬೇರೆ. ನೌಕಾನೆಲೆಯ ಅಧಿಕಾರಿ ಅಂತ ಸುಳ್ಳು ಹೇಳಿಕೊಂಡವನೊಬ್ಬ ಕಾರ್ಯಕ್ರಮ ಗೊತ್ತುಮಾಡಿ, ಮುಂಗಡಕ್ಕೆ ಅಂತ ಕ್ಯೂಆರ್ ಕೋಡ್ ಕಳಿಸಿದ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳಿತು ಅಂದರೆ ನಮ್ಮ ಖಾತೆಯಿಂದ ಹೋಗುತ್ತಿದೆ ಅಂತಲೇ ಅರ್ಥ. ಗೆಳೆಯ ಪಿನ್ ಒತ್ತಿದ್ದ, ಆದರೆ ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ. ನನ್ನ 5,000 ಹೋದಾಗ ಆ ನಂಬರ್ ನನಗೆ ಗೊತ್ತಿರಲಿಲ್ಲ.

ಜಾತ್ರೆಯ ಹಾಡನ್ನು ಕೊನೆಗೆ ನಾನೇ ಡಿಸ್ಟ್ರಿಬ್ಯೂಟರ್ ಮೂಲಕ ಬಿಡುಗಡೆ ಮಾಡಿದೆ. ಖಾತೆ ನನ್ನ ಹೆಸರಲ್ಲಿ, ಪಾಸ್‌ವರ್ಡ್ ನನ್ನ ಕೈಯಲ್ಲಿ. ಮೂಲ ಫೈಲುಗಳನ್ನು ತಾರೀಖಿನ ಸಮೇತ ಎರಡು ಕಡೆ ಇಟ್ಟಿದ್ದೇನೆ. ಕೊಳಲು ನುಡಿಸಿದವರಿಗೆ ಎಷ್ಟು ಕೊಟ್ಟೆ, ಯಾವುದಕ್ಕೆ ಕೊಟ್ಟೆ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಸ್ನೇಹಿತರಾದರೂ ಇದು ಬೇಕು.

ಈಗ ಇನ್ನೊಂದು ಕಂಪನಿ ಕೇಳಿದೆ. ಇವರು ದುಡ್ಡು ಕೇಳಿಲ್ಲ. ನಾನು ಕೇಳಿದ ಮೇಲೆ 'ಅಸೈನ್' ಹೋಗಿ 'ಲೈಸೆನ್ಸ್' ಬಂತು. ಒಂದೇ ಹಾಡು, ಮೂರು ವರ್ಷ. ಆರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು ಅನ್ನೋ ಸಾಲು ಮಾತ್ರ ಇನ್ನೂ ಬಂದಿಲ್ಲ. ಅದು ಬರುವವರೆಗೆ ಕರಾರು ಭಾವನ ಮೇಜಿನ ಮೇಲೇ ಇರಲಿ ಅಂದಿದ್ದೇನೆ.