ಹಡಗಿನ ಬ್ರಿಡ್ಜ್ ಮೇಲೆ ನಾನು ಮಾತಾಡಿದ ಇಂಗ್ಲಿಷ್

ಎಷ್ಟೇ ದೊಡ್ಡ ಸರಕು ಹಡಗಾದರೂ ಅದರಲ್ಲಿ ಇರುವುದು ಇಪ್ಪತ್ತು, ಇಪ್ಪತ್ತೈದು ಜನ ಅಷ್ಟೆ. ನಾನು ಕೆಲಸ ಮಾಡಿದ ಹಡಗುಗಳಲ್ಲಿ ಕ್ಯಾಪ್ಟನ್ ಉಕ್ರೇನಿನವರೋ ಕ್ರೊಯೇಷಿಯಾದವರೋ ಆಗಿರುತ್ತಿದ್ದರು. ಇಂಜಿನ್ ರೂಮಿನಲ್ಲಿ ಪೋಲೆಂಡಿನವರು. ಡೆಕ್ ಮೇಲಿನ ಹುಡುಗರು ಹೆಚ್ಚಾಗಿ ಫಿಲಿಪ್ಪೀನ್ಸ್‌ನವರು. ನನ್ನ ಹಾಗೆ ಒಬ್ಬಿಬ್ಬರು ಭಾರತದವರು. ಇದೇನೂ ವಿಶೇಷವಲ್ಲ. ಹಡಗು ಉದ್ಯಮದ ಸಂಘಗಳಾದ ಬಿಮ್ಕೋ ಮತ್ತು ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಶಿಪ್ಪಿಂಗ್ ಸೇರಿ 2021ರಲ್ಲಿ ತಂದ ವರದಿಯ ಪ್ರಕಾರ ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ ಸುಮಾರು 18.9 ಲಕ್ಷ ಜನ ದುಡಿಯುತ್ತಾರೆ. ಅತಿ ಹೆಚ್ಚು ಜನ ಬರುವುದು ಫಿಲಿಪ್ಪೀನ್ಸ್, ರಷ್ಯಾ, ಇಂಡೋನೇಷ್ಯಾ, ಚೀನಾ ಮತ್ತು ಭಾರತದಿಂದ. ಅಂದರೆ ಬಹುಪಾಲು ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ಆದರೂ ಕೆಲಸ ನಡೆಯುವುದು ಇಂಗ್ಲಿಷಿನಲ್ಲೇ.

ಈ ಕೆಲಸಕ್ಕೆ ಬರಬೇಕು ಅನ್ನುವ ಹುಡುಗರು ನನ್ನನ್ನು ಮೊದಲು ಕೇಳುವುದು ಒಂದೇ: ‘ಸರ್, ಇಂಗ್ಲಿಷ್ ಎಷ್ಟು ಚೆನ್ನಾಗಿರಬೇಕು?’ ಜಾಸ್ತಿ ಚೆನ್ನಾಗಿರಬೇಕಾಗಿಲ್ಲ ಅಂತಲೇ ನಾನು ಹೇಳುತ್ತೇನೆ. ಚಿಕ್ಕದಾಗಿ, ಒಂದೇ ಅರ್ಥ ಬರುವ ಹಾಗೆ ಮಾತಾಡಲು ಬರಬೇಕು. ಎದುರಿಗಿರುವವನ ಬಾಯಿಂದ ಮಾತು ಹೊರಡಿಸಲೂ ಬರಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಮೊದಲನೆಯದಕ್ಕೆ ದಾರಿ ಸಿದ್ಧವಾಗಿದೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ, 2001ರಲ್ಲಿ ಹಡಗಿನ ಮಾತಿಗೆಂದೇ ಒಂದು ವಾಕ್ಯಸಂಗ್ರಹವನ್ನು ಒಪ್ಪಿಕೊಂಡಿತು. ನಾವು ಅದನ್ನು ಎಸ್‌ಎಂಸಿಪಿ ಅಂತ ಕರೆಯುತ್ತೇವೆ. ಕಾಲೇಜಿನಲ್ಲಿ ಎಲ್ಲರೂ ಅದನ್ನು ಪರೀಕ್ಷೆಗೋಸ್ಕರ ಓದಿ ಬಿಡುತ್ತಾರೆ. ನಾನು ಕೆಡೆಟ್, ಅಂದರೆ ತರಬೇತಿಯ ಹುಡುಗ, ಆಗಿದ್ದಾಗ ಅದನ್ನು ಕ್ಯಾಬಿನ್‌ನಲ್ಲಿ ಇಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಮೇ, ಮೈಟ್, ಶುಡ್, ಕುಡ್, ಈ ನಾಲ್ಕು ಪದಗಳನ್ನು ಬಳಸಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಫೇರ್‌ವೇ, ಅಂದರೆ ಹಡಗು ಸಾಗುವ ದಾರಿ, ಅದಕ್ಕೆ ಬರಬೇಕಾದರೆ ‘ಮೇ ಐ ಎಂಟರ್ ದಿ ಫೇರ್‌ವೇ?’ ಅಂತ ಕೇಳಬಾರದು. ‘ಕ್ವೆಶ್ಚನ್: ಡೂ ಐ ಹ್ಯಾವ್ ಪರ್ಮಿಷನ್ ಟು ಎಂಟರ್ ದಿ ಫೇರ್‌ವೇ?’ ಅನ್ನಬೇಕು. ಹೇಳುತ್ತಿರುವುದು ಪ್ರಶ್ನೆಯೋ, ಎಚ್ಚರಿಕೆಯೋ, ಸಲಹೆಯೋ, ನನ್ನ ಉದ್ದೇಶವೋ ಅನ್ನುವುದನ್ನು ಮೊದಲ ಪದದಲ್ಲೇ ಹೇಳಿಬಿಡುವುದು. ರೇಡಿಯೊದಲ್ಲಿ ಅರ್ಧ ಮಾತು ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಮೊದಲ ಪದ ಕೇಳಿಸಿದರೂ ಆ ಕಡೆಯವನಿಗೆ ಇದು ಯಾವ ಜಾತಿಯ ಮಾತು ಅಂತ ಗೊತ್ತಾಗುತ್ತದೆ.

ಅಂಕಿಗಳೂ ಹಾಗೇ. ಫಿಫ್ಟೀನ್, ಫಿಫ್ಟಿ ಎರಡೂ ರೇಡಿಯೊದಲ್ಲಿ ಒಂದೇ ಥರ ಕೇಳುತ್ತವೆ. ಆದ್ದರಿಂದ ಒನ್ ಫೈವ್, ಫೈವ್ ಝೀರೋ. ನನಗೆ ಇದು ಎಷ್ಟು ಅಭ್ಯಾಸವಾಗಿದೆ ಅಂದರೆ ಈಗಲೂ ಫೋನಿನಲ್ಲಿ ಯಾರಿಗಾದರೂ ಸಮಯ ಹೇಳುವಾಗ ಹಾಗೇ ಬಾಯಿಗೆ ಬರುತ್ತದೆ. ಮನೆಯವರು ಬೈಯುತ್ತಾರೆ.

ಉಚ್ಚಾರದ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಬ್ರಿಟಿಷರ ಥರ, ಅಮೆರಿಕದವರ ಥರ ಮಾತಾಡಲು ಹೋಗುವುದು ಸುಮ್ನೆ ದಂಡ. ನಮ್ಮ ನಿಜವಾದ ತೊಂದರೆ ವೇಗ. ನಾವು ಭಾರತದವರು ಇಂಗ್ಲಿಷನ್ನು ಸರಾಗವಾಗಿ, ಒಂದೇ ಉಸಿರಿನಲ್ಲಿ ಸುರಿಯುತ್ತೇವೆ. ನಮಗೆ ಅದು ಚೆನ್ನಾಗಿ ಬರುತ್ತದೆ ಅನ್ನುವುದೇ ಕೇಳುವವನ ಕಷ್ಟ. ನಾನು ವಿಎಚ್‌ಎಫ್ ರೇಡಿಯೊದಲ್ಲಿ ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ವಾಚ್, ಅಂದರೆ ನನ್ನ ಪಾಳಿ, ಮುಗಿದ ಮೇಲೆ ಕೇಳಿಕೊಳ್ಳುತ್ತಿದ್ದೆ. ನನಗೇ ಬೇಜಾರಾಗುವಷ್ಟು ನಿಧಾನಕ್ಕೆ ಇಳಿಸಿದಾಗ, ಆ ಕಡೆಯಿಂದ ‘ಸೇ ಅಗೇನ್’ ಬರುವುದು ಕಡಿಮೆಯಾಯಿತು. ಇನ್ನೊಂದು, ನಾವು ಒಪ್ಪಿಗೆ ಸೂಚಿಸಲು ತಲೆಯನ್ನು ಆ ಕಡೆ ಈ ಕಡೆ ಓಲಾಡಿಸುತ್ತೇವಲ್ಲ, ಅದನ್ನು ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಪೂರ್ತಿ ಬಿಟ್ಟೆ. ಪೋಲೆಂಡಿನ ಚೀಫ್ ಇಂಜಿನಿಯರ್ ಅದನ್ನು ನೋಡಿ ‘ಯೆಸ್ ಆರ್ ನೋ?’ ಅಂತ ಗುರ್ ಅನ್ನುತ್ತಿದ್ದರು. ತಪ್ಪೇನಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ.

ಚುಕ್ಕಾಣಿ ಹಿಡಿದವನಿಗೆ ಆಫೀಸರ್ ‘ಸ್ಟಾರ್‌ಬೋರ್ಡ್ ಟೆನ್’ (ಬಲಕ್ಕೆ ಹತ್ತು ಡಿಗ್ರಿ) ಅಂದರೆ ಅವನು ಮೊದಲು ‘ಸ್ಟಾರ್‌ಬೋರ್ಡ್ ಟೆನ್’ ಅಂತ ತಿರುಗಿ ಹೇಳುತ್ತಾನೆ. ಆಮೇಲೆ ಚಕ್ರ ತಿರುಗಿಸುತ್ತಾನೆ. ಚುಕ್ಕಾಣಿ ಹತ್ತು ಡಿಗ್ರಿಗೆ ಬಂದ ಮೇಲೆ ಅದನ್ನೂ ಹೇಳುತ್ತಾನೆ. ಅಷ್ಟು ಹೊತ್ತೂ ಆಫೀಸರ್ ಕಣ್ಣು ಚುಕ್ಕಾಣಿ ಎಷ್ಟು ತಿರುಗಿದೆ ಅಂತ ತೋರಿಸುವ ರಡರ್ ಇಂಡಿಕೇಟರ್ ಮೇಲೆ ಇರುತ್ತದೆ. ಕಿವಿಯೂ ಕಣ್ಣೂ ಒಂದೇ ಸಂಗತಿ ಹೇಳಿದರೆ ಮಾತ್ರ ಆ ಆರ್ಡರ್ ಮುಗಿದ ಹಾಗೆ. ನೂರಾರು ವರ್ಷದಿಂದ ನಾವಿಕರು ಇದನ್ನು ಮಾಡಿಕೊಂಡು ಬಂದಿದ್ದಾರೆ. ಆದರೆ ಬ್ರಿಡ್ಜ್ ಬಿಟ್ಟು ಡೆಕ್ ಮೇಲೆ ಇಳಿದ ಕೂಡಲೇ ಎಲ್ಲರೂ ಇದನ್ನು ಮರೆತುಬಿಡುತ್ತಾರೆ. ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗ್‌ನಲ್ಲಿ ಚೀಫ್ ಆಫೀಸರ್ ಹತ್ತು ನಿಮಿಷ ಮಾತಾಡಿ, ಕೊನೆಗೆ ‘ಅಂಡರ್‌ಸ್ಟುಡ್?’ ಅನ್ನುತ್ತಾರೆ. ಎಲ್ಲರೂ ಒಟ್ಟಿಗೆ ‘ಯೆಸ್ ಸರ್’. ಆ ಯೆಸ್‌ನಿಂದ ನಮಗೆ ತಿಳಿಯುವುದು ಏನೂ ಇಲ್ಲ. ಹಿರಿಯರ ಮುಂದೆ, ಜೊತೆಯವರ ಮುಂದೆ, ‘ನನಗೆ ಅರ್ಥವಾಗಲಿಲ್ಲ’ ಅನ್ನುವುದು ಯಾವ ದೇಶದವನಿಗಾದರೂ ಸುಲಭವಲ್ಲ.

ಎಸ್‌ಎಂಸಿಪಿಯಲ್ಲಿ ಇದಕ್ಕೂ ಒಂದು ನಿಯಮವಿದೆ: ಹೌದು ಅಂತಷ್ಟೇ ಉತ್ತರ ಕೊಡಬಾರದು, ಹೌದು ಅಂದ ಮೇಲೆ ಪೂರ್ತಿ ವಾಕ್ಯ ಹೇಳಬೇಕು. ನಾನು ಚೀಫ್ ಆಫೀಸರ್ ಆದ ಮೇಲೆ ಅದನ್ನೇ ಡೆಕ್‌ಗೂ ತಂದೆ. ಮೂರಿಂಗ್ ಕೆಲಸ, ಅಂದರೆ ಹಡಗನ್ನು ಹಗ್ಗದಿಂದ ಕಟ್ಟುವ ಕೆಲಸ, ಇದ್ದರೆ ನಾನು ವಿವರಿಸುವುದು ಎರಡೇ ನಿಮಿಷ. ಆಮೇಲೆ ಚಾಕ್‌ಪೀಸ್ ಡೆಕ್ ಹುಡುಗರ ಮೇಸ್ತ್ರಿ ಬೋಸನ್ ಕೈಗೆ. ಅವನು ಡೆಕ್ ಮೇಲೆ ಹಗ್ಗಗಳ ದಾರಿ ಬರೆಯುತ್ತಾನೆ. ಹಗ್ಗ ತುಂಡಾದರೆ ಎಲ್ಲಿಗೆ ಬಂದು ಬಡಿಯುತ್ತದೆ, ಯಾರು ಎಲ್ಲಿ ನಿಲ್ಲಬಾರದು ಅಂತ ಉಳಿದವರು ಒಬ್ಬೊಬ್ಬರೇ ಕಾಲಿಟ್ಟು ತೋರಿಸುತ್ತಾರೆ. ಇದಕ್ಕೆ ಇಂಗ್ಲಿಷ್ ಜಾಸ್ತಿ ಬೇಕಾಗಿಲ್ಲ. ಯಾರಿಗೆ ಗೊತ್ತಾಗಿಲ್ಲ ಅನ್ನುವುದು ಅವನು ನಿಂತ ಜಾಗದಲ್ಲೇ ಕಾಣುತ್ತದೆ. ಅವನನ್ನು ಎಲ್ಲರ ಎದುರು ತಿದ್ದುವುದಿಲ್ಲ. ‘ನೀನು ನನ್ನ ಜೊತೆ ಬಾ’ ಅಂತ ಪಕ್ಕಕ್ಕೆ ಕರೆದು ಹೇಳುತ್ತೇನೆ. ಒಂದು ಸಲ ಎಲ್ಲರ ಮುಂದೆ ಅವಮಾನ ಆದವನು ಮತ್ತೆ ಬಾಯಿ ಬಿಡುವುದಿಲ್ಲ.

ಇದೆಲ್ಲ ಅತಿಯಾಯಿತು ಅನ್ನುವವರಿಗೆ ನಾನು 1990ರ ಏಪ್ರಿಲ್‌ನಲ್ಲಿ ನಡೆದ ಸ್ಕ್ಯಾಂಡಿನೇವಿಯನ್ ಸ್ಟಾರ್ ದುರಂತದ ಬಗ್ಗೆ ಓದಲು ಹೇಳುತ್ತೇನೆ. ನಾರ್ವೆಯಿಂದ ಡೆನ್ಮಾರ್ಕ್‌ಗೆ ಹೊರಟಿದ್ದ ಪ್ರಯಾಣಿಕ ಹಡಗಿಗೆ ರಾತ್ರಿ ಬೆಂಕಿ ಬಿದ್ದು 159 ಜನ ಸತ್ತರು. ಸಿಬ್ಬಂದಿಯಲ್ಲಿ ಹಲವರಿಗೆ ನಾರ್ವೇಜಿಯನ್, ಡ್ಯಾನಿಶ್, ಇಂಗ್ಲಿಷ್ ಯಾವುದೂ ಬರುತ್ತಿರಲಿಲ್ಲ. ಈಗ ಸಮುದ್ರದಲ್ಲಿ ಜೀವರಕ್ಷಣೆಗೆಂದು ಇರುವ ಸೋಲಾಸ್ ಒಪ್ಪಂದದ ಪ್ರಕಾರ ಪ್ರತಿ ಹಡಗಿಗೂ ಒಂದು ಕೆಲಸದ ಭಾಷೆ ಗೊತ್ತುಮಾಡಿ ಲಾಗ್‌ಬುಕ್‌ನಲ್ಲಿ ಬರೆದಿಡಬೇಕು. ಬರೆದಿಡುವುದೇನೋ ಎಲ್ಲರೂ ಬರೆದಿಡುತ್ತಾರೆ. ಇಬ್ಬರು ಭಾರತದವರು ಬ್ರಿಡ್ಜ್ ಮೇಲೆ ಒಟ್ಟಿಗೆ ಸಿಕ್ಕಿದರೆ ಹಿಂದಿ ಶುರುವಾಗುತ್ತದೆ, ಪಕ್ಕದಲ್ಲಿ ಚುಕ್ಕಾಣಿ ಹಿಡಿದವನು ಕಿವುಡನ ಹಾಗೆ ನಿಂತಿರುತ್ತಾನೆ. ನನ್ನ ವಾಚ್‌ನಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ತಮಾಷೆ ಮಾಡಬೇಕಾದರೂ ಇಂಗ್ಲಿಷಿನಲ್ಲೇ.

ಬಂದರಿಗೆ ಬರುವಾಗಿನ ಪಜೀತಿ ಬೇರೆ. ಬಂದರಿನೊಳಗೆ ದಾರಿ ತೋರಿಸಲು ಅಲ್ಲಿಯ ಪೈಲಟ್ ಹತ್ತುತ್ತಾರೆ. ನಮ್ಮ ಜೊತೆ ಇಂಗ್ಲಿಷ್, ಟಗ್ ಬೋಟಿನವರ ಜೊತೆ ವಾಕಿಟಾಕಿಯಲ್ಲಿ ಅವರದೇ ಭಾಷೆ. ಚೀನಾ, ಜಪಾನ್, ದಕ್ಷಿಣ ಅಮೆರಿಕ, ಎಲ್ಲಿ ಹೋದರೂ ಇದೇ. ಟಗ್ ನಮ್ಮ ಹಡಗನ್ನು ಎಳೆಯುತ್ತಿದೆಯೋ ತಳ್ಳುತ್ತಿದೆಯೋ ನಮಗೆ ತಿಳಿಯಬೇಕಲ್ಲ. ಪೈಲಟ್ ಬೇರೆ ಭಾಷೆಯಲ್ಲಿ ಏನು ಹೇಳಿದರು ಅನ್ನುವುದನ್ನು ಆದಷ್ಟು ಬೇಗ ಬ್ರಿಡ್ಜ್‌ನವರಿಗೆ ವಿವರಿಸಬೇಕು ಅಂತ ಐಎಂಒದ 2003ರ ನಿರ್ಣಯದಲ್ಲೇ ಇದೆ. ಆದರೆ ಹಡಗು ಜೆಟ್ಟಿಯ ಹತ್ತಿರ ಬಂದಾಗ, ಪೈಲಟ್ ತಲೆಬಿಸಿಯಲ್ಲಿರುವಾಗ, ‘ಈಗ ಏನಂದಿರಿ?’ ಅಂತ ಕೇಳಿದರೆ ಅವರಿಗೆ ಅದು ಅಪನಂಬಿಕೆಯ ಹಾಗೆ ಕೇಳಿಸುತ್ತದೆ. ಆದ್ದರಿಂದ ನಾನು ಮೊದಲೇ ಕೇಳಿಬಿಡುತ್ತಿದ್ದೆ. ಪೈಲಟ್ ಹತ್ತಿ, ಪೈಲಟ್ ಕಾರ್ಡ್ ಕೊಟ್ಟು, ಹಡಗಿನ ವಿವರ ಹೇಳಿಕೊಳ್ಳುವ ಹೊತ್ತಿನಲ್ಲೇ: ‘ಪೈಲಟ್ ಸರ್, ಟಗ್‌ಗೆ ಕೊಡುವ ಪ್ರತಿ ಆರ್ಡರನ್ನೂ ನಾನು ಬರೆದುಕೊಳ್ಳುತ್ತೇನೆ. ದಯವಿಟ್ಟು ಒಂದೇ ಪದದಲ್ಲಿ ನನಗೂ ಹೇಳಿ. ಪುಶ್, ಪುಲ್, ಸ್ಟಾಪ್, ಅಷ್ಟು ಸಾಕು.’ ಬರೆದುಕೊಳ್ಳುತ್ತೇನೆ ಅಂದರೆ ಅದು ನನ್ನ ಕೆಲಸಕ್ಕೆ ಬೇಕಾದದ್ದು, ಅವರ ಮೇಲಿನ ಅನುಮಾನವಲ್ಲ. ಬಹುತೇಕ ಎಲ್ಲರೂ ಖುಷಿಯಿಂದ ಹೇಳುತ್ತಿದ್ದರು.

ಮೇಲಿನವರಿಗೆ ಹೇಳುವುದೂ ಒಂದು ಭಾಷೆಯೇ. ನಾನು ಕಂಡ ಪೂರ್ವ ಯುರೋಪಿನ ಕ್ಯಾಪ್ಟನ್‌ಗಳಲ್ಲಿ ಹಲವರು ಪ್ಲೀಸ್ ಇಲ್ಲದೆ, ಎ-ದಿ ಇಲ್ಲದೆ ಮಾತಾಡುತ್ತಿದ್ದರು. ‘ಗಿವ್ ಚಾರ್ಟ್.’ ಹೊಸ ಹುಡುಗರು ಹೆದರಿಕೊಳ್ಳುತ್ತಿದ್ದರು. ರಷ್ಯನ್, ಉಕ್ರೇನಿಯನ್ ಭಾಷೆಗಳಲ್ಲಿ ಎ, ದಿ ಇಲ್ಲವೇ ಇಲ್ಲ, ಕನ್ನಡದಲ್ಲಿ ಇಲ್ಲದ ಹಾಗೆ. ಅದು ಸಿಟ್ಟಲ್ಲ, ವ್ಯಾಕರಣ ಅಷ್ಟೆ. ನಿಜವಾದ ಕಷ್ಟ ಅವರಿಗೆ ಎದುರು ಹೇಳಬೇಕಾದಾಗ. ‘ಸರ್, ನನಗೆ ಅನ್ನಿಸುತ್ತೆ ಆ ಹಡಗು ಸ್ವಲ್ಪ ಹತ್ತಿರ ಬರ್ತಾ ಇದೆ’ ಅಂತ ಮೆಲ್ಲಗೆ ಹೇಳಿದರೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ನಾನು ಅಭಿಪ್ರಾಯ ಹೇಳುವುದನ್ನೇ ಬಿಟ್ಟೆ. ‘ಕ್ಯಾಪ್ಟನ್, ಸ್ಟಾರ್‌ಬೋರ್ಡ್ ಬೋ, ಸಿಪಿಎ ಝೀರೋ ಪಾಯಿಂಟ್ ತ್ರೀ, ಒನ್ ಟೂ ಮಿನಿಟ್ಸ್.’ ಅಂದರೆ ಬಲಗಡೆ ಮುಂದಿರುವ ಆ ಹಡಗು ಇನ್ನು ಹನ್ನೆರಡು ನಿಮಿಷದಲ್ಲಿ ಮೈಲಿಯ ಮೂರನೇ ಒಂದು ಭಾಗಕ್ಕಿಂತ ಹತ್ತಿರ ಬರುತ್ತದೆ. ಅಂಕಿ ಹೇಳಿದಾಗ ಹಿರಿಯ-ಕಿರಿಯ ಅನ್ನುವುದು ಪಕ್ಕಕ್ಕೆ ಸರಿಯುತ್ತದೆ. ಉತ್ತರ ಬರಲಿಲ್ಲವಾದರೆ ಮತ್ತೆ ಹೇಳಿ ನನ್ನ ಉದ್ದೇಶವನ್ನೂ ಸೇರಿಸುತ್ತಿದ್ದೆ: ‘ಇಂಟೆನ್ಷನ್: ಆಲ್ಟರ್ ಕೋರ್ಸ್ ಟು ಸ್ಟಾರ್‌ಬೋರ್ಡ್.’

ಇಂಗ್ಲಿಷ್ ಸಾಲದ ಜಾಗವೂ ಒಂದಿದೆ, ಅದು ಕಾಯಿಲೆ. ಸಾಮಾನ್ಯವಾಗಿ ಸೆಕೆಂಡ್ ಆಫೀಸರ್‌ಗೇ ಹಡಗಿನ ಔಷಧಿಪೆಟ್ಟಿಗೆಯ ಜವಾಬ್ದಾರಿ ಇರುತ್ತದೆ. ನಾನು ಸೆಕೆಂಡ್ ಆಫೀಸರ್ ಆಗಿದ್ದಾಗ ನನ್ನ ವಾಚ್‌ನಲ್ಲಿದ್ದ ಒಬ್ಬ ಎಬಿ, ಅಂದರೆ ಡೆಕ್ ನಾವಿಕ, ರಾತ್ರಿಯಿಡೀ ‘ಲಿಟ್ಲ್ ಪೇನ್ ಸರ್, ಓಕೆ ಸರ್’ ಅನ್ನುತ್ತಿದ್ದ. ನೋಡಿದರೆ ಬೆವರು ಹರಿಯುತ್ತಿತ್ತು. ನೋವನ್ನು ಎರಡನೇ ಭಾಷೆಯಲ್ಲಿ ವಿವರಿಸಲು ಯಾರಿಗೂ ಆಗುವುದಿಲ್ಲ. ಕಾಗದದ ಮೇಲೆ ಮನುಷ್ಯನ ಆಕಾರ ಬರೆದು ಪೆನ್ನು ಅವನ ಕೈಗೆ ಕೊಟ್ಟೆ. ನೋವು ಶುರುವಾದ ಜಾಗಕ್ಕೆ ಒಂದು ಗುರುತು, ಈಗ ಇರುವ ಜಾಗಕ್ಕೆ ಇನ್ನೊಂದು. ಹೊಕ್ಕುಳ ಸುತ್ತ ಶುರುವಾದದ್ದು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಅವನ ಊರಿನವನೇ ಆದ ಇನ್ನೊಬ್ಬನನ್ನು ಎಬ್ಬಿಸಿ ಕರೆಸಿ, ಫಿಲಿಪ್ಪೀನ್ಸ್‌ನ ಟಗಾಲೋಗ್‌ನಲ್ಲೇ ಮಾತಾಡಿಕೊಳ್ಳಿ ಅಂದೆ. ನಾನು ಒಂದೊಂದೇ ಪ್ರಶ್ನೆ ಕೇಳುವುದು, ಅವನು ಕೇಳಿ ಹೇಳುವುದು, ನಾನು ಸಮಯ, ಜ್ವರ, ನಾಡಿಯ ಜೊತೆ ಬರೆದುಕೊಳ್ಳುವುದು. ತನ್ನ ಭಾಷೆ ಸಿಕ್ಕಿದ ಕೂಡಲೇ ಆ ಹುಡುಗ ಎರಡು ದಿನದಿಂದ ನೋವಿತ್ತು ಅಂತ ಬಾಯಿಬಿಟ್ಟ. ಇಟಲಿಯ ರೋಮ್‌ನಲ್ಲಿ ಸಿಐಆರ್‌ಎಂ ಅನ್ನುವ ಕೇಂದ್ರವಿದೆ, 1935ರಿಂದ ಹಡಗುಗಳಿಗೆ ಉಚಿತವಾಗಿ ವೈದ್ಯಕೀಯ ಸಲಹೆ ಕೊಡುತ್ತಿದೆ. ಅಲ್ಲಿನ ಡಾಕ್ಟರಿಗೆ ನಾವು ಬರೆದುಕೊಂಡದ್ದನ್ನೆಲ್ಲ ಕಳಿಸಿದೆವು. ಅಪೆಂಡಿಸೈಟಿಸ್ ಇರಬಹುದು ಅಂದರು. ಕ್ಯಾಪ್ಟನ್ ಹಡಗನ್ನು ಹತ್ತಿರದ ಬಂದರಿಗೆ ತಿರುಗಿಸಿದರು. ಆ ಹುಡುಗ ಆಪರೇಷನ್ ಮುಗಿಸಿ ಮನೆಗೆ ಹೋದ.

ಅದಾದ ಮೇಲೆ ನಾನು ಹತ್ತಿದ ಪ್ರತಿ ಹಡಗಿನಲ್ಲೂ, ಯಾರ ಮನೆಮಾತು ಯಾವುದು, ಯಾರಿಗೆ ಯಾರು ಮಾತು ದಾಟಿಸಬಲ್ಲರು ಅನ್ನುವ ಒಂದು ಪಟ್ಟಿಯನ್ನು ಔಷಧಿಪೆಟ್ಟಿಗೆಯ ಬಾಗಿಲಿಗೆ ಅಂಟಿಸುತ್ತಿದ್ದೆ.

ಮೆಸ್ ರೂಮಿನಲ್ಲಿ ನಾನೂ ನಾಲ್ಕು ಮಾತು ಕಲಿತೆ. ಟಗಾಲೋಗ್‌ನಲ್ಲಿ ‘ದಹಾನ್-ದಹಾನ್’ ಅಂದರೆ ನಿಧಾನ, ‘ಇಂಗಾತ್’ ಅಂದರೆ ಹುಷಾರು. ಇಂಥವು ಸ್ನೇಹಕ್ಕೆ ಒಳ್ಳೆಯದು, ಆರ್ಡರ್ ಕೊಡಲು ಬೇಡ. ಅರೆಬರೆ ಬರುವ ಭಾಷೆಯಲ್ಲಿ ಕ್ರೇನ್ ಕೆಲಸ ಮಾಡಿಸುವುದಕ್ಕಿಂತ ಸುಮ್ಮನಿರುವುದು ವಾಸಿ. ಹೆಸರನ್ನು ಸರಿಯಾಗಿ ಕರೆಯುವುದು ಮಾತ್ರ ಮೊದಲ ದಿನವೇ ಆಗಬೇಕು. ‘ಏ ಎಬಿ’ ಅಂತ ಕರೆಸಿಕೊಂಡವನು ನಿಮಗೆ ಕೆಟ್ಟ ಸುದ್ದಿ ತಂದು ಕೊಡುವುದಿಲ್ಲ.

ಈಗ ನಾನು ದಡದ ಮೇಲೆ ಆಫೀಸಿನಲ್ಲಿದ್ದೇನೆ. ಹೊಸ ಆಫೀಸರ್‌ಗಳ ಸಂದರ್ಶನಕ್ಕೂ ಕೂರುತ್ತೇನೆ. ಇಂಗ್ಲಿಷ್ ಪರೀಕ್ಷೆಯ ಅಂಕ ಕಾಗದದಲ್ಲಿ ಇದ್ದೇ ಇರುತ್ತದೆ, ಅದನ್ನು ಒಂದು ಸಲ ನೋಡಿ ಬದಿಗಿಡುತ್ತೇನೆ. ಮಾತಿನ ಮಧ್ಯೆ ಬೇಕೆಂದೇ ಒಂದು ಗೊಂದಲದ ಸೂಚನೆ ಕೊಡುತ್ತೇನೆ, ಎರಡು ಅರ್ಥ ಬರುವ ಹಾಗೆ. ‘ಸರ್, ನೀವು ಹೇಳಿದ್ದು ಇದಾ, ಅದಾ?’ ಅಂತ ತಿರುಗಿ ಕೇಳಿದವನನ್ನು ಆರಿಸುತ್ತೇನೆ. ಸೊಗಸಾದ ಇಂಗ್ಲಿಷಿನಲ್ಲಿ ‘ಶೂರ್ ಸರ್’ ಅಂದವನ ಬಗ್ಗೆ ಇನ್ನೊಂದಷ್ಟು ಯೋಚಿಸುತ್ತೇನೆ. ಇಮೇಲ್‌ಗೂ ಬ್ರಿಡ್ಜ್ ನಿಯಮವನ್ನೇ ಇಟ್ಟುಕೊಂಡಿದ್ದೇನೆ: ಹಡಗಿಗೆ ಕಳಿಸುವ ಒಂದು ಇಮೇಲ್‌ನಲ್ಲಿ ಒಂದೇ ಪ್ರಶ್ನೆ, ತಿಂಗಳ ಹೆಸರು ಅಕ್ಷರದಲ್ಲಿ, ಸಮಯದ ಜೊತೆ ಅದು ಜಗತ್ತಿಗೆಲ್ಲ ಒಂದೇ ಆದ ಯುಟಿಸಿಯೋ ಹಡಗಿನ ಸಮಯವೋ ಅನ್ನುವ ವಿವರ. ಮೂರು ಪ್ರಶ್ನೆ ಇದ್ದರೆ ಮೂರು ಇಮೇಲ್. ಆಫೀಸಿನವರು ನಗುತ್ತಾರೆ, ಆದರೆ ಮೂರಕ್ಕೂ ಉತ್ತರ ಬರುತ್ತದೆ.