ಹಿಂಬದಿ ಸಸ್ಪೆನ್ಷನ್ ಬುಷ್ ಬದಲಿಸುವವರ ಗಮನಕ್ಕೆ

ಹಳೆಯ ಕಾರು ಗುಂಡಿ ಇಳಿದಾಗ ಹಿಂದಿನಿಂದ ‘ಟಕ್’ ಎಂಬ ಸದ್ದು ಬಂದರೆ ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್ ಮೇಲೆಯೇ ಅನುಮಾನ ಬರುತ್ತದೆ. ಆದರೆ ಹಿಂದಿನ ಚಕ್ರವನ್ನು ಕಾರಿನ ಒಡಲಿಗೆ ಜೋಡಿಸುವ ತೋಳಾದ ಟ್ರೇಲಿಂಗ್ ಆರ್ಮ್‌ನ ರಬ್ಬರ್ ಬುಷ್ (ಜೋಡಣೆಯಲ್ಲಿ ಕೂರುವ, ನಡುವೆ ಲೋಹದ ಕೊಳವೆಯಿರುವ ರಬ್ಬರ್ ತುಂಡು) ಸವೆದಿದ್ದರೂ ಇದೇ ಸದ್ದು ಬರುತ್ತದೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರಿನ ಹಿಂಭಾಗವನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದ ಬಳಿಕ, ಬುಷ್ ಪಕ್ಕದಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ ಇಟ್ಟು ನಿಧಾನವಾಗಿ ಮೀಟಿ ನೋಡಬೇಕು. ಮೇಲ್ಮೈಯ ಸಣ್ಣ ಬಿರುಕುಗಳಿಗೆ ಹೆದರಬೇಕಾಗಿಲ್ಲ. ರಬ್ಬರು ಒಳಗಿನ ಲೋಹದ ಕೊಳವೆಯಿಂದ ಬಿಟ್ಟುಕೊಂಡು ಸಂದು ಕಾಣಿಸಿದರೆ ಮಾತ್ರ ಬದಲಾವಣೆ ಅನಿವಾರ್ಯ.

ಅನೇಕ ಕಾರುಗಳಲ್ಲಿ ಆರ್ಮ್ ಕೆಳಗೆ ಜಾರದಂತೆ ತಡೆಯುವುದು ಶಾಕ್ ಅಬ್ಸಾರ್ಬರೇ ಆಗಿರುವುದರಿಂದ, ಅದರ ಬೋಲ್ಟ್ ಬಿಚ್ಚುವ ಮೊದಲು ಆರ್ಮ್‌ಗೆ ಇನ್ನೊಂದು ಜಾಕ್‌ನ ಆಸರೆ ಕೊಡದಿದ್ದರೆ ಕಾಯಿಲ್ ಸ್ಪ್ರಿಂಗ್ ಚಿಮ್ಮಿ ಗಾಯವಾಗಬಹುದು.

ಮೆಕ್ಯಾನಿಕ್‌ಗಳೂ ಅವಸರದಲ್ಲಿ ತಪ್ಪುವುದು ಕೊನೆಯ ಬಿಗಿತದಲ್ಲಿ. ಚಕ್ರ ತೂಗಾಡುತ್ತಿರುವಾಗಲೇ ಬುಷ್‌ನ ಬೋಲ್ಟನ್ನು ಪೂರ್ತಿ ಬಿಗಿದರೆ, ಒಳಗಿನ ಕೊಳವೆ ಅದೇ ಕೋನದಲ್ಲಿ ಕಚ್ಚಿಕೊಳ್ಳುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲೇ ದುಡಿಯುತ್ತಾ ಹೊಸ ಬುಷ್ ಕೂಡ ಬೇಗನೆ ಹರಿಯುತ್ತದೆ. ಆದ್ದರಿಂದ ಬೋಲ್ಟನ್ನು ಸಡಿಲವಾಗಿಯೇ ಬಿಟ್ಟು, ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರ, ಸರ್ವಿಸ್ ಕೈಪಿಡಿಯಲ್ಲಿರುವ ಅಳತೆಗೆ ಟಾರ್ಕ್ ರೆಂಚ್‌ನಿಂದ (ಬಿಗಿತದ ಬಲ ಅಳೆಯುವ ಪಾನಾ) ಬಿಗಿಯಬೇಕು.

ಬುಷ್‌ಗಳನ್ನು ಎರಡೂ ಬದಿ ಒಟ್ಟಿಗೆ ಬದಲಿಸುವುದು ಲೇಸು. ಬಳಿಕ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ಪರೀಕ್ಷಿಸಬೇಕು. ಬೀಮ್ ಆಕ್ಸಲ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ) ಇರುವ ಅನೇಕ ಕಾರುಗಳಲ್ಲಿ ಹಿಂದಿನ ಚಕ್ರದ ಕೋನ ಹೊಂದಿಸಲು ಅವಕಾಶವೇ ಇರುವುದಿಲ್ಲವಾದ್ದರಿಂದ, ಅಳತೆ ತಪ್ಪಿದ್ದರೆ ಬೀಮ್ ಬಾಗಿದೆಯೇ ಎಂದು ನೋಡಬೇಕು.