ಹಳೆಯ ಫೋರ್ ವೀಲ್ ಡ್ರೈವ್ ವಾಹನದ ಆರೈಕೆ: ಮೊದಲು ಇದ್ದದ್ದನ್ನು ಸರಿಪಡಿಸಿ, ಆಮೇಲೆ ಹೊಸದನ್ನು ಸೇರಿಸಿ

ಇಪ್ಪತ್ತು ಮೂವತ್ತು ವರ್ಷ ಓಡಿದ ಫೋರ್ ವೀಲ್ ಡ್ರೈವ್ ವಾಹನವನ್ನು ಕೊಂಡವರಲ್ಲಿ ಹೆಚ್ಚಿನವರ ಮನಸ್ಸು ಮೊದಲು ಹರಿಯುವುದು ದೊಡ್ಡ ಟೈರ್, ವಿಂಚ್ (ಹಗ್ಗ ಸುತ್ತಿ ವಾಹನವನ್ನು ಎಳೆಯುವ ಯಂತ್ರ), ಛಾವಣಿಯ ಮೇಲಿನ ದೀಪಗಳ ಸಾಲು ಇಂಥವುಗಳ ಕಡೆಗೆ. ಇದು ತಲೆಕೆಳಗಾದ ಕ್ರಮವೆಂದು ನಾನು ದೃಢವಾಗಿ ನಂಬಿದ್ದೇನೆ. ಬುಷ್‌ಗಳು (ಸ್ಪ್ರಿಂಗ್ ಮುಂತಾದವುಗಳ ಜೋಡಣೆಯೊಳಗಿನ ಬಳೆಗಳು) ಸವೆದಿರುವಾಗ ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ ಓಡಾಟ ಸುಧಾರಿಸುವುದಿಲ್ಲ. ಅರ್ಥಿಂಗ್ (ಬ್ಯಾಟರಿಯ ನೆಗೆಟಿವ್ ತುದಿಯನ್ನು ವಾಹನದ ಲೋಹಕ್ಕೆ ಜೋಡಿಸುವ ಸಂಪರ್ಕ) ತುಕ್ಕು ಹಿಡಿದಿರುವಾಗ ಹೆಚ್ಚು ವ್ಯಾಟಿನ ಬಲ್ಬ್ ಹಾಕಿದರೆ ಬೆಳಕಿಗಿಂತ ವೈರಿನ ಬಿಸಿಯೇ ಹೆಚ್ಚಾಗುತ್ತದೆ. ವಾಹನ ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಅದಕ್ಕೆ ಸಾಧ್ಯವಾದಷ್ಟು ಹತ್ತಿರ ತಂದ ಮೇಲೆಯೇ ಹೊಸದನ್ನು ಸೇರಿಸುವ ಮಾತು. ಹಾಗೆ ಸೇರಿಸುವಾಗಲೂ ಮುಂದಿನ ಆರೈಕೆಯನ್ನು ಸುಲಭಗೊಳಿಸುವ ಸಣ್ಣ ಸುಧಾರಣೆಗಳಿಗೇ ಮೊದಲ ಸ್ಥಾನ ಸಲ್ಲಬೇಕು.

ತೊಳೆಯುವುದೇ ಮೊದಲ ತಪಾಸಣೆ

ಕಚ್ಚಾ ದಾರಿಯಲ್ಲಿ ಓಡುವ ವಾಹನವನ್ನು ಹಾಳುಮಾಡುವುದು ನೀರು, ಮಣ್ಣು ಮತ್ತು ಕುಲುಕಾಟ. ಚಾಸಿಯ ಒಳಸಂದುಗಳಲ್ಲಿ ಉಳಿದ ಕೆಸರು ದಿನಗಟ್ಟಲೆ ತೇವವನ್ನು ಹಿಡಿದಿಟ್ಟುಕೊಂಡು ಒಳಗಿನಿಂದಲೇ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಕೆಸರಿನಲ್ಲಿ ಓಡಿಸಿದ ದಿನವೇ, ಅದು ಒಣಗಿ ಗಟ್ಟಿಯಾಗುವ ಮೊದಲು, ವಾಹನದ ಅಡಿಭಾಗವನ್ನು ತೊಳೆಯಬೇಕು. ಚಾಸಿಯಲ್ಲಿಯೂ ಬಾಗಿಲುಗಳ ತಳದಲ್ಲಿಯೂ ನೀರು ಇಳಿದುಹೋಗಲು ಬಿಟ್ಟಿರುವ ರಂಧ್ರಗಳನ್ನು ಹುಡುಕಿ, ತಂತಿಯಿಂದ ಚುಚ್ಚಿ, ನೀರು ಸ್ವಚ್ಛವಾಗಿ ಹರಿಯುವವರೆಗೆ ತೊಳೆಯಿರಿ. ಒತ್ತಡದ ನೀರನ್ನು ಆಯಿಲ್ ಸೀಲ್, ಬೇರಿಂಗ್, ಬ್ರೀದರ್ (ಆ್ಯಕ್ಸಲ್, ಗೇರ್‌ಬಾಕ್ಸ್‌ಗಳ ಒಳಗಿನ ಗಾಳಿ ಆಡಲು ಬಿಟ್ಟ ಕಿಂಡಿ) ಮತ್ತು ಆಲ್ಟರ್ನೇಟರ್‌ಗಳ ಮೇಲೆ ನೇರವಾಗಿ ಹಾಯಿಸಬಾರದು. ಚಾಸಿ ಪೂರ್ತಿ ಒಣಗಿದ ಮೇಲೆ ಅದರ ಟೊಳ್ಳು ಭಾಗಗಳೊಳಗೆ ಉದ್ದನೆಯ ನಳಿಕೆಯಿಂದ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸುವುದು ಖರ್ಚಿಗೆ ಹೋಲಿಸಿದರೆ ಅತ್ಯಂತ ಹೆಚ್ಚು ಫಲ ಕೊಡುವ ಕೆಲಸ.

ತೊಳೆದ ವಾಹನದಲ್ಲಿ ಸೋರಿಕೆ ಎದ್ದು ಕಾಣುತ್ತದೆ. ಕಪ್ಪಗಿದ್ದರೆ ಅದು ಎಂಜಿನ್ ಆಯಿಲ್. ಮಂದವಾಗಿದ್ದು ಗಂಧಕದ ಘಾಟು ವಾಸನೆ ಬಂದರೆ ಗೇರ್ ಆಯಿಲ್. ತೆಳ್ಳಗೆ ಜಾರುವಂತಿದ್ದು ಬಣ್ಣವನ್ನು ಕೀಳುತ್ತಿದ್ದರೆ ಬ್ರೇಕ್ ಆಯಿಲ್. ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ ಅದನ್ನು ನಾಳೆಗೆ ಮುಂದೂಡಬಾರದು, ಏಕೆಂದರೆ ಸೋರುತ್ತಿರುವುದು ಆ್ಯಕ್ಸಲ್ ಸೀಲಾಗಿರಲಿ ವೀಲ್ ಸಿಲಿಂಡರಾಗಿರಲಿ, ಆ ದ್ರವ ಕೊನೆಗೆ ಬ್ರೇಕ್ ಶೂಗಳನ್ನೇ ಸೇರುತ್ತದೆ.

ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ಕೆಲಸಕ್ಕೆ ಹತ್ತು ನಿಮಿಷ ಸಾಕು: ಎಂಜಿನ್ ತಣ್ಣಗಿರುವಾಗ ಆಯಿಲ್ ಮತ್ತು ಕೂಲೆಂಟ್ ಮಟ್ಟ, ಬ್ರೇಕ್ ಮತ್ತು ಕ್ಲಚ್ ಡಬ್ಬಿಗಳು, ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ. ಬಾಗುವ ಫ್ಯಾನ್ ಬೆಲ್ಟ್. ರೇಡಿಯೇಟರ್ ಹೋಸುಗಳನ್ನು ಹಿಸುಕಿದಾಗ ಮೆತ್ತಗೆ ಉಬ್ಬಿದಂತೆ ಅನಿಸಿದರೂ ಗಟ್ಟಿಯಾಗಿ ಬಿರಿದಂತೆ ಅನಿಸಿದರೂ ಬದಲಿಸುವ ಕಾಲ ಬಂದಿದೆ ಎಂದರ್ಥ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಬಿಸಿ ಹೆಚ್ಚುತ್ತದೆಂದು ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವನ್ನು ತೆರೆದು ಮುಚ್ಚುವ ಕವಾಟ) ಕಿತ್ತೆಸೆಯುವ ರೂಢಿಯೊಂದಿದೆ. ಅದರಿಂದ ರೋಗ ಮರೆಯಾಗುತ್ತದೆಯೇ ಹೊರತು ಗುಣವಾಗುವುದಿಲ್ಲ. ಮೊದಲು ರೇಡಿಯೇಟರಿನ ಜಾಲದಲ್ಲಿ ಸಿಕ್ಕಿಕೊಂಡ ಮಣ್ಣನ್ನೂ ಹುಲ್ಲಿನ ಬೀಜಗಳನ್ನೂ ಎಂಜಿನ್ ಕಡೆಯಿಂದ ಹೊರಮುಖವಾಗಿ ನಿಧಾನವಾಗಿ ನೀರು ಹಾಯಿಸಿ ತೆಗೆದು ನೋಡಿ.

ಕೆಳಗೆ ನುಸುಳುವ ಮೊದಲು

ಕೆಲವು ಹಳೆಯ ಫೋರ್ ವೀಲ್ ವಾಹನಗಳಲ್ಲಿ, ಉದಾಹರಣೆಗೆ ಸೀರೀಸ್ ಲ್ಯಾಂಡ್ ರೋವರ್‌ಗಳಲ್ಲಿ, ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನಲ್ಲ, ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸ್‌ನ ಬಲವನ್ನು ಮುಂದಿನ ಹಿಂದಿನ ಆ್ಯಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು (ಆ ಬಲವನ್ನು ಆ್ಯಕ್ಸಲಿಗೆ ಒಯ್ಯುವ ಉದ್ದನೆಯ ದಂಡ) ಹಿಡಿಯುತ್ತದೆ. ಇಂಥ ವಾಹನದ ಒಂದು ಹಿಂಚಕ್ರವನ್ನು ಜಾಕ್ ಹಾಕಿ ಎತ್ತಿದ ಕೂಡಲೇ ಡಿಫರೆನ್ಷಿಯಲ್‌ನ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಗಳ ಜೋಡಣೆ) ಮೂಲಕ ಆ ಚಕ್ರ ಒಂದು ಕಡೆಗೂ ನೆಲದ ಮೇಲಿರುವ ಚಕ್ರ ಇನ್ನೊಂದು ಕಡೆಗೂ ತಿರುಗಬಲ್ಲದು. ಹ್ಯಾಂಡ್‌ಬ್ರೇಕ್ ಬಿಗಿಯಾಗಿದ್ದರೂ ವಾಹನ ಉರುಳುತ್ತದೆ. ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರಂತೂ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡ, ಆ್ಯಕ್ಸಲ್ ಅಥವಾ ಚಾಸಿಯ ಅಡಿಗೆ ಸ್ಟ್ಯಾಂಡ್ ಇವು ಮೂರೂ ಇಲ್ಲದೆ ವಾಹನದ ಕೆಳಗೆ ತಲೆ ಹಾಕಬಾರದು. ಜಾಕ್ ಇರುವುದು ಎತ್ತಲಿಕ್ಕೆ. ಭಾರವನ್ನು ಹೊತ್ತು ನಿಲ್ಲಬೇಕಾದದ್ದು ಸ್ಟ್ಯಾಂಡ್.

ಗ್ರೀಸ್ ಗನ್ ಕೈಗೆ ಬಂದಾಗ

ಹೊಸ ವಾಹನಗಳಲ್ಲಿ ಬಹುತೇಕ ಮಾಯವಾಗಿರುವ ಗ್ರೀಸ್ ನಿಪ್ಪಲ್‌ಗಳು (ಗ್ರೀಸ್ ಒತ್ತಿ ತುಂಬುವ ಸಣ್ಣ ಮೂತಿಗಳು) ಹಳೆಯ ವಾಹನದ ದೊಡ್ಡ ವರ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳು (ಶಾಫ್ಟಿನ ತುದಿಯಲ್ಲಿ ಬಾಗಲು ಬಿಡುವ ಶಿಲುಬೆಯಾಕಾರದ ಕೀಲುಗಳು), ಸ್ಲಿಪ್ ಜಾಯಿಂಟ್ (ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗಲು ಬಿಡುವ ಹಲ್ಲಿನ ಜೋಡಣೆ), ಸ್ಪ್ರಿಂಗ್ ಶಾಕಲ್‌ಗಳು (ಸ್ಪ್ರಿಂಗಿನ ತುದಿಯ ತೂಗು ಪಟ್ಟಿಗಳು), ಸ್ಟೀರಿಂಗ್ ರಾಡ್ ತುದಿಗಳು, ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಕೀಲು) ಹೀಗೆ ಎಲ್ಲೆಲ್ಲಿ ನಿಪ್ಪಲ್ ಇದೆಯೆಂಬುದನ್ನು ನಿಮ್ಮ ವಾಹನದ ಕೈಪಿಡಿ ನೋಡಿ ಎಣಿಸಿ ಬರೆದಿಟ್ಟುಕೊಳ್ಳಿ. ಕೆಸರಿನಡಿ ಹೂತುಹೋದ ಒಂದೆರಡು ನಿಪ್ಪಲ್‌ಗಳು ಖಂಡಿತವಾಗಿಯೂ ಸಿಗುತ್ತವೆ. ಸಾಮಾನ್ಯ ಕೆಲಸಕ್ಕೆ ಲಿಥಿಯಂ ಮೂಲದ, ಗಟ್ಟಿತನದಲ್ಲಿ ಎನ್‌ಎಲ್‌ಜಿಐ 2 ಎಂದು ಗುರುತಿಸಿದ ಗ್ರೀಸ್ ಸಾಕಾಗುತ್ತದೆ. ಬೇರೆ ಬೇರೆ ಮೂಲದ ಗ್ರೀಸ್‌ಗಳನ್ನು ಬೆರೆಸಬೇಡಿ. ಕೆಲವು ಒಂದಕ್ಕೊಂದು ಹೊಂದದೆ ತೆಳ್ಳಗಾಗಿ ಹರಿದುಹೋಗುತ್ತವೆ.

ನಿಪ್ಪಲ್‌ನ ತುದಿಯನ್ನು ಬಟ್ಟೆಯಿಂದ ಒರೆಸಿಯೇ ಗನ್ ಹಚ್ಚಬೇಕು, ಇಲ್ಲದಿದ್ದರೆ ಗ್ರೀಸಿನ ಮುಂದೆ ಮರಳು ಒಳಗೆ ಹೋಗುತ್ತದೆ. ಕ್ರಾಸ್‌ಗೆ ಗ್ರೀಸ್ ಒತ್ತುವಾಗ ಕಣ್ಣಿಟ್ಟು ನೋಡಿ: ನಾಲ್ಕು ಬಟ್ಟಲುಗಳ ಅಂಚಿನಲ್ಲಿ ಮೊದಲು ಕಪ್ಪು ಗ್ರೀಸ್ ದಾರದಂತೆ ಹೊರಬರುತ್ತದೆ, ಆಮೇಲೆ ಹೊಸ ಗ್ರೀಸಿನ ಬಣ್ಣ ಕಾಣಿಸುತ್ತದೆ. ನಾಲ್ಕೂ ಕಡೆ ಹೊಸ ಬಣ್ಣ ಕಂಡ ಮೇಲೆಯೇ ನಿಲ್ಲಿಸಬೇಕು. ಮೂರು ಕಡೆ ಬಂದು ಒಂದು ಕಡೆ ಬಾರದಿದ್ದರೆ ಶಾಫ್ಟನ್ನು ಕಾಲು ಸುತ್ತು ತಿರುಗಿಸಿ, ಒತ್ತಡ ಸಡಿಲಿಸಿ ಮತ್ತೆ ಒತ್ತಿ ನೋಡಿ. ಬಟ್ಟಲಿನ ಸುತ್ತ ಕೆಂಗಂದು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್‌ಗಳು ಒಣಗಿ ತುಕ್ಕು ಹಿಡಿದಿವೆ. ಆ ಕ್ರಾಸನ್ನು ಗ್ರೀಸ್ ಉಳಿಸುವುದಿಲ್ಲ, ಬದಲಿಸಲೇಬೇಕು. ಬಿಚ್ಚುವ ಮೊದಲು ಫ್ಲಾಂಜುಗಳ ಮೇಲೂ ಸ್ಲಿಪ್ ಜಾಯಿಂಟಿನ ಎರಡು ಭಾಗಗಳ ಮೇಲೂ ಬಣ್ಣದಿಂದ ಗುರುತು ಹಾಕಿಕೊಳ್ಳಿ. ಒಂದೇ ಒಂದು ಹಲ್ಲು ತಪ್ಪಿ ಕೂತರೂ ಶಾಫ್ಟ್ ನಡುಗುತ್ತದೆ, ಮತ್ತು ಆ ನಡುಕದ ಮೂಲವನ್ನು ಹುಡುಕುತ್ತಾ ಜನ ಚಕ್ರ, ಟೈರ್, ಎಂಜಿನ್ ಮೌಂಟಿಂಗ್ ಎಲ್ಲವನ್ನೂ ಬದಲಿಸಿಬಿಡುತ್ತಾರೆ.

ಗೇರ್ ಆಯಿಲ್ ಮತ್ತು ಬ್ರೀದರ್ ಕೊಳವೆ

ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೂ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡು ಆ್ಯಕ್ಸಲ್‌ಗಳನ್ನು ಮರೆಯುತ್ತಾರೆ. ಸ್ವಲ್ಪ ದೂರ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಕೆಲಸ ಹಿಡಿಯಿರಿ. ಆದರೆ ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ನೋಡಿಕೊಳ್ಳಿ. ಇದ್ದ ಆಯಿಲೆಲ್ಲ ಸುರಿದುಹೋದ ಮೇಲೆ ಫಿಲ್ಲರ್ ಪ್ಲಗ್ ಅಲುಗದಿದ್ದರೆ ವಾಹನ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಅಯಸ್ಕಾಂತವಿರುವ ಪ್ಲಗ್ಗಿನ ಮೇಲೆ ನುಣ್ಣನೆಯ ಬೂದು ಬಣ್ಣದ ಲೇಪ ಇರುವುದು ಸಹಜ. ಉಗುರಿಗೆ ಸಿಗುವಂಥ ಲೋಹದ ಚೂರುಗಳಿದ್ದರೆ ಒಳಗೆ ಏನೋ ಮುರಿಯುತ್ತಿದೆ.

ಆಯಿಲಿನ ದರ್ಜೆಯ ವಿಷಯದಲ್ಲಿ ಉದಾಸೀನ ಸಲ್ಲದು. ಹೈಪಾಯ್ಡ್ ಹಲ್ಲುಗಳಿರುವ (ಒಂದರ ಮೇಲೊಂದು ಜಾರುತ್ತಾ ಭಾರೀ ಒತ್ತಡ ತಾಳುವ ಹಲ್ಲುಗಳು) ಆ್ಯಕ್ಸಲ್‌ಗೆ ಜಿಎಲ್-5 ಎಂಬ ಗೇರ್ ಆಯಿಲ್ ದರ್ಜೆ ಬೇಕು. ಆದರೆ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುವ (ಗೇರ್ ಬದಲಿಸುವಾಗ ಹಲ್ಲುಗಳ ವೇಗವನ್ನು ಹೊಂದಿಸುವ ಬಳೆಗಳು) ಹಳೆಯ ಗೇರ್‌ಬಾಕ್ಸ್‌ಗೆ ಕೈಪಿಡಿ ಜಿಎಲ್-4 ಹೇಳಿದ್ದರೆ ಅದನ್ನೇ ಹಾಕಬೇಕು, ಏಕೆಂದರೆ ಕೆಲವು ಜಿಎಲ್-5 ಆಯಿಲ್‌ಗಳಲ್ಲಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಆ ಹಿತ್ತಾಳೆಯನ್ನು ಕಾಲಕ್ರಮದಲ್ಲಿ ತಿನ್ನುತ್ತವೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಆಯಿಲ್ ಎಲ್ಲ ಕಡೆಯೂ ಉತ್ತಮವಾಗುವುದಿಲ್ಲ.

ಒಮ್ಮೆ ಹಳ್ಳವೊಂದನ್ನು ದಾಟಿ ಬಂದ ಕೆಲವು ವಾರಗಳ ನಂತರ ನಾನು ಹಿಂದಿನ ಡಿಫರೆನ್ಷಿಯಲ್‌ನ ಪ್ಲಗ್ ಬಿಚ್ಚಿದಾಗ ಹೊರಬಂದದ್ದು ಆಯಿಲಲ್ಲ, ಹಾಲು ಹಾಕಿದ ಕಾಫಿಯಂಥ ದ್ರವ. ಸೀಲುಗಳು ಹೊಸವೇ ಆಗಿದ್ದವು. ಆ್ಯಕ್ಸಲಿನ ಮೇಲಿದ್ದ ಬೆರಳುಗುರಿನಷ್ಟು ಚಿಕ್ಕ ಬ್ರೀದರ್ ಮುಚ್ಚಳವನ್ನು ತಿರುಗಿಸಿ ತೆಗೆದು ಬಾಯಿಂದ ಊದಿದೆ. ಗಾಳಿ ಒಂದಿಷ್ಟೂ ಹೋಗಲಿಲ್ಲ, ಒಳಗೆ ಮಣ್ಣು ಕಲ್ಲಿನಂತೆ ಕಟ್ಟಿತ್ತು. ಓಡಿ ಬಿಸಿಯಾದ ಆ್ಯಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿಕೊಂಡಿದ್ದರೆ ಆ ಕೊರತೆಯನ್ನು ತುಂಬಲು ಸೀಲಿನ ತುಟಿಯ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ.

ಹೀಗಾಗಿ ಹಳೆಯ ವಾಹನಕ್ಕೆ ನಾನು ಸೂಚಿಸುವ ಮೊದಲ ಸುಧಾರಣೆ ಬ್ರೀದರನ್ನು ಎತ್ತರಿಸುವುದು. ಆ್ಯಕ್ಸಲ್ ಮೇಲಿನ ಮುಚ್ಚಳದ ಜಾಗದಲ್ಲಿ ಹೋಸ್ ಸಿಕ್ಕಿಸುವ ಮೂತಿಯನ್ನು ಕೂರಿಸಿ, ಆಯಿಲಿಗೂ ಶಾಖಕ್ಕೂ ತಡೆಯುವ ಕೊಳವೆಯನ್ನು ಬಾನೆಟ್ ಎತ್ತರದವರೆಗೆ ಒಯ್ದು, ತುದಿಗೆ ಸಣ್ಣ ಫಿಲ್ಟರ್ ಹಾಕಬೇಕು. ಆ್ಯಕ್ಸಲ್ ಪೂರ್ತಿ ಕೆಳಗೆ ಇಳಿದಾಗಲೂ ಎಳೆಯದಷ್ಟು ಸಡಿಲ ಬಿಡಿ, ಎಕ್ಸಾಸ್ಟ್‌ನಿಂದ ದೂರವಿಡಿ, ನಡುವೆ ಎಲ್ಲಿಯೂ ತಗ್ಗಾಗಿ ಜೋಲದಂತೆ ಕಟ್ಟಿ. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿಗೂ ಪ್ರತ್ಯೇಕ ಬ್ರೀದರ್ ಇದ್ದರೆ ಅವನ್ನೂ ಜೊತೆಗೇ ಮೇಲೆ ತರಬಹುದು. ಇದಾದ ಮೇಲೂ ಆಳವಾದ ನೀರು ದಾಟಿದಾಗಲೆಲ್ಲ ಆಯಿಲನ್ನು ನೋಡುವ ಅಭ್ಯಾಸವನ್ನು ಬಿಡಬಾರದು.

ಫೋರ್ ವೀಲ್ ಲಿವರನ್ನು ತಿಂಗಳಿಗೊಮ್ಮೆಯಾದರೂ, ಮುಂದಿನ ಹಬ್‌ಗಳನ್ನು (ಚಕ್ರದ ನಡುಭಾಗ; ಅಲ್ಲಿ ಲಾಕ್ ಇದ್ದರೆ) ಲಾಕ್ ಮಾಡಿ, ಕೆಲವು ಕಿ.ಮೀ. ಬಳಸಿ, ಆಗ ಮುಂದಿನ ಹಲ್ಲುಗಳಿಗೂ ಸೀಲುಗಳಿಗೂ ಆಯಿಲ್ ತಲುಪುತ್ತದೆ, ಜೋಡಣೆಗಳು ಬಿಗಿದುಕೊಳ್ಳುವುದಿಲ್ಲ. ಆದರೆ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ವಾಹನದಲ್ಲಿ ಇದನ್ನು ಮಣ್ಣು ಅಥವಾ ಜಲ್ಲಿಯ ಮೇಲೆ ಮಾತ್ರ ಮಾಡಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕಾಗುತ್ತದೆ. ಒಣ ಡಾಂಬರಿನ ಮೇಲೆ ಚಕ್ರಗಳು ಜಾರದೆ ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ ತಿರುಚಾಗಿ ಸೇರಿಕೊಳ್ಳುತ್ತದೆ. ಲಿವರ್ ಹೊರಬಾರದೆ ಹಟ ಹಿಡಿದರೆ ಬಲ ಹಾಕದೆ ವಾಹನವನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ನೋಡಿ.

ಸ್ಟೀರಿಂಗ್, ಸ್ಪ್ರಿಂಗ್, ಬ್ರೇಕ್

ಮುಂದಿನ ಚಕ್ರವನ್ನು ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಪ್ಲೇ (ಸಡಿಲ ಅಲುಗಾಟ) ಸಿಕ್ಕರೆ ವೀಲ್ ಬೇರಿಂಗ್ ಅಥವಾ ಕಿಂಗ್‌ಪಿನ್ ಸಡಿಲವಾಗಿದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಪ್ಲೇ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ ಎಂದು ತಿಳಿಯಬಹುದು. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಪ್ಲೇ ಇದ್ದರೆ ರಾಡ್ ತುದಿಗಳನ್ನು ನೋಡಿ. ಇವನ್ನೆಲ್ಲ ನೋಡದೆ ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಬಿಗಿಗೊಳಿಸುವುದು ತಪ್ಪು. ಅದರಿಂದ ಬಾಕ್ಸ್ ಸವೆಯುತ್ತದೆ, ಪ್ಲೇ ಅಲ್ಲಿಯೇ ಉಳಿಯುತ್ತದೆ. ಸ್ಪ್ರಿಂಗ್ ಬಿಚ್ಚಿ ಜೋಡಿಸಿದ್ದರೆ ಯು-ಬೋಲ್ಟುಗಳನ್ನು (ಸ್ಪ್ರಿಂಗನ್ನು ಆ್ಯಕ್ಸಲಿಗೆ ಹಿಡಿದಿಡುವ ಬಾಗಿದ ಬೋಲ್ಟುಗಳು) ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಮಾಡಲೇಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿದಿರಬಹುದು. ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಮತ್ತು ಸಿಲಿಕೋನ್ ಮೂಲದ ಡಾಟ್-5 ಅನ್ನು ಇದರೊಂದಿಗೆ ಎಂದಿಗೂ ಬೆರೆಸಬೇಡಿ.

ವಿದ್ಯುತ್ತು: ಅರ್ಥಿಂಗ್ ಮೊದಲು, ರಿಲೇ ಆಮೇಲೆ

ಹಳೆಯ ವಾಹನದ ವಿದ್ಯುತ್ ತೊಂದರೆಗಳಲ್ಲಿ ಅರ್ಧಕ್ಕೂ ಹೆಚ್ಚು ಅರ್ಥಿಂಗ್‌ನಲ್ಲೇ ಇರುತ್ತವೆ ಎಂಬುದು ನನ್ನ ಅನುಭವ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಹಿಡಿದು ಸ್ಟಾರ್ಟರ್ ತಿರುಗಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿಗಳನ್ನು ಬಿಚ್ಚಿ, ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಗೊಳಿಸಿ, ಮೇಲೆ ಗ್ರೀಸ್ ಸವರಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು.

ಅನಂತರ ಹೆಡ್‌ಲೈಟ್. ಹಲವು ಹಳೆಯ ವಾಹನಗಳಲ್ಲಿ ದೀಪಗಳ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಸುತ್ತಿ ಬರುತ್ತದೆ. ಬಲ್ಬಿಗೆ ತಲುಪುವ ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಕುಸಿದರೆ ಹ್ಯಾಲೊಜನ್ ದೀಪದ ಬೆಳಕು ಸುಮಾರು ಮೂವತ್ತರಷ್ಟು ಕುಗ್ಗುತ್ತದೆ. ಇದಕ್ಕೆ ಪರಿಹಾರ ಹೆಚ್ಚು ವ್ಯಾಟಿನ ಬಲ್ಬಲ್ಲ, ಎರಡು ರಿಲೇಗಳು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ವಿದ್ಯುತ್ ಸ್ವಿಚ್‌ಗಳು), ಲೋ ಬೀಮಿಗೊಂದು, ಹೈ ಬೀಮಿಗೊಂದು. ಬ್ಯಾಟರಿಯಿಂದ ದಪ್ಪನೆಯ ವೈರ್ ಎಳೆದು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ, ರಿಲೇಯ 30ನೇ ಪಿನ್ನಿಗೆ ಕೊಡಿ, 87ರಿಂದ ದೀಪಗಳಿಗೆ, ಹಳೆಯ ಹೆಡ್‌ಲೈಟ್ ವೈರ್ 86ಕ್ಕೆ, 85 ಅರ್ಥಿಂಗ್‌ಗೆ. 55 ವ್ಯಾಟಿನ ಎರಡು ಬಲ್ಬುಗಳು ಎಳೆಯುವುದು ಸುಮಾರು 9 ಆಂಪಿಯರ್, ಆದ್ದರಿಂದ 15 ಆಂಪಿಯರಿನ ಫ್ಯೂಸ್ ಸಾಕು. ಕೆಲವು ವಾಹನಗಳಲ್ಲಿ ಸ್ವಿಚ್ ಅರ್ಥಿಂಗ್ ಕಡೆ ಇರುತ್ತದೆ, ಅಲ್ಲಿ ಜೋಡಣೆ ಬೇರೆ; ವೈರಿಂಗ್ ನಕ್ಷೆ ನೋಡಿಯೇ ಕೈ ಹಾಕಿ.

ಟೈರ್ ಮತ್ತು ಎಳೆಯುವ ಕೊಕ್ಕೆ

ಟೈರಿನ ಬದಿಯಲ್ಲಿ ‘DOT’ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದರೆ 2019ರ 23ನೇ ವಾರ. ಕಡಿಮೆ ಓಡುವ ವಾಹನದಲ್ಲಿ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ, ಸ್ಟೆಪ್ನಿಯಂತೂ ಇನ್ನೂ ಹಳೆಯದಾಗಿರುತ್ತದೆ. ಟೈರಿನ ಹೊರಸುತ್ತು ನೂರಕ್ಕೆ ಹತ್ತರಷ್ಟು ದೊಡ್ಡದಾದರೆ ಗೇರಿಂಗ್ ಅಷ್ಟೇ ಉದ್ದವಾಗುತ್ತದೆ (ಎಳೆಯುವ ಬಲ ಕುಗ್ಗುತ್ತದೆ), ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿನ ಮೇಲೆ ಹೊರೆ ಏರುತ್ತದೆ. ಮೂಲ ಅಳತೆಯ ಒಳ್ಳೆಯ ಟೈರ್, ಒಂದು ಗಾಳಿ ಮಾಪಕ ಮತ್ತು ಸಣ್ಣ ಕಂಪ್ರೆಸರ್ ಅದಕ್ಕಿಂತ ಉಪಯುಕ್ತ: ಮರಳಿನಲ್ಲಿ ಗಾಳಿ ಇಳಿಸಿ ದಾಟಿ, ರಸ್ತೆ ಸೇರುವ ಮೊದಲು ಮತ್ತೆ ತುಂಬಬಹುದು.

ವಿಂಚ್ ಕೊಳ್ಳುವ ಮೊದಲು ಹಿಂದೆ ಮುಂದೆ ಎಳೆಯುವ ಕೊಕ್ಕೆಗಳು ನೇರವಾಗಿ ಚಾಸಿಗೆ ಹೈ-ಟೆನ್ಸೈಲ್ ಬೋಲ್ಟುಗಳಿಂದ ಬಿಗಿಯಾಗಿವೆಯೇ, ಅಲ್ಲಿನ ಚಾಸಿ ತುಕ್ಕು ಹಿಡಿಯದೆ ಗಟ್ಟಿಯಾಗಿದೆಯೇ ಎಂದು ಸುತ್ತಿಗೆಯಿಂದ ತಟ್ಟಿ ನೋಡಿ. ಟ್ರೈಲರ್ ಕಟ್ಟುವ ಬಾಲ್‌ಗೆ ಹಗ್ಗ ಸಿಕ್ಕಿಸಿ ಹೂತ ವಾಹನವನ್ನು ಎಳೆಯಲೇಬಾರದು. ಅದು ಮುರಿದು ಗುಂಡಿನಂತೆ ಹಾರಿ ಜೀವಗಳನ್ನೇ ತೆಗೆದಿದೆ. ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು, ಹಗ್ಗದ ನಡುವೆ ಭಾರವಾದ ಕಂಬಳಿಯೊಂದನ್ನು ಹೊದಿಸಬೇಕು, ಮತ್ತು ಆ ದಿನವೇ ಕೊಕ್ಕೆಯ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.